ಬಾರಾಮತಿಯಲ್ಲಿ ಕೇಳುವ 'ಪಗಾರ' ಪೋರ್ಚುಗೀಸ್ ಕ್ರಿಯಾಪದ! ಏನಿದರ ಅರ್ಥ? ಸಿಗುವುದು ಯಾರಿಗೆ?

ಪುಣೆ ಜಿಲ್ಲೆಯ ಬಾರಾಮತಿಗೆ ಕೆಲಸ ಹುಡುಕಿಕೊಂಡು ಹೋದವರು ಮೊದಲು ಕೇಳುವ ಮಾತು 'ಪಗಾರ ಕಿತೀ?' ಅಂದರೆ 'ಸಂಬಳ ಎಷ್ಟು?' ವಿಜಯಪುರ, ಕಲಬುರಗಿ ಕಡೆಯವರಿಗೆ ಈ ಪದ ಹೊಸದಲ್ಲ. 'ಪಗಾರ ಆತೇನ್ರಿ?' ಎಂಬುದು ಅಲ್ಲಿ ದಿನನಿತ್ಯದ ಮಾತು. ಆದರೆ ಪದದ ಮೂಲ ಮರಾಠಿಯೂ ಅಲ್ಲ, ಕನ್ನಡವೂ ಅಲ್ಲ.

ಪೋರ್ಚುಗೀಸ್ ಭಾಷೆಯಲ್ಲಿ 'ಪಗಾರ್' ಎಂದರೆ ಹಣ ಕೊಡುವುದು, ಪಾವತಿಸುವುದು. ಅದು ಕ್ರಿಯಾಪದದ ಮೂಲರೂಪ. 'ಪಾಗು' ಎಂದರೆ ಕೊಡುತ್ತೇನೆ, 'ಪಾಗ' ಎಂದರೆ ಕೊಡುತ್ತಾನೆ, 'ಪಗೋ' ಎಂದರೆ ಕೊಟ್ಟ. ಸಂಬಳಕ್ಕೆ ಅವರು ಬಳಸುವ ಪದವೇ ಬೇರೆ, 'ಸಲಾರಿಯು'. ಹಾಗಾಗಿ ಲಿಸ್ಬನ್ನಿನಲ್ಲಿ 'ನನ್ನ ಪಗಾರ' ಎಂದರೆ ಎದುರಿನವರು ಕಣ್ಣು ಕಣ್ಣು ಬಿಟ್ಟಾರು! ಕೊಡುವ ಕ್ರಿಯೆಯನ್ನು ಕೊಟ್ಟ ಹಣದ ಹೆಸರಾಗಿಸಿದ್ದು ನಮ್ಮ ಕಡೆಯವರೇ.

1510ರಲ್ಲಿ ಬಿಜಾಪುರದ ಆದಿಲ್‌ಶಾಹಿಯಿಂದ ಗೋವಾ ಕಸಿದುಕೊಂಡ ಪೋರ್ಚುಗೀಸರು 1961ರವರೆಗೆ ಅಲ್ಲಿದ್ದರು. ವಸಯಿ, ಚೌಲ್‌ಗಳಲ್ಲೂ ಬಹುಕಾಲ ಆಳಿದರು. ಚಾವಿ, ಬಟಾಟೆ, ಪಾವ್ ಬಂದದ್ದೂ ಅವರಿಂದಲೇ.

ಈ ಪದದ ಬೇರು ಲ್ಯಾಟಿನ್‌ನಲ್ಲಿದೆ. ಅಲ್ಲಿ 'ಪಾಕಾರೆ' ಎಂದರೆ ಸಮಾಧಾನಪಡಿಸುವುದು. ಸಾಲ ಕೊಟ್ಟವನ ಬಾಕಿ ತೀರಿಸಿ ಅವನನ್ನು ಸುಮ್ಮನಾಗಿಸುವುದೇ ಮುಂದೆ ಪಾವತಿಯಾಯಿತು. ಇಂಗ್ಲಿಷಿನ 'ಪೇ' ಕೂಡ ಇದರ ಬಂಧುವೇ. ಇಟಾಲಿಯನ್‌ನಲ್ಲಿ ಇದು 'ಪಗಾರೆ'. ಬಾರಾಮತಿಯಲ್ಲಿ ಇಟಲಿಯ ಪಿಯಾಜಿಯೊ ವಾಹನ ಕಾರ್ಖಾನೆಯಿದೆ. ಅಲ್ಲಿಗೆ ಬರುವ ಇಟಲಿಯವರಿಗೆ ಕಾರ್ಮಿಕರ ಈ ಮಾತು ಅರ್ಧವಾದರೂ ತಿಳಿದೀತು.

ಮರಾಠಿಯಲ್ಲಿ ಇದರಿಂದ ಹುಟ್ಟಿದ ಪದಗಳು ಹಲವು. 'ಪಗಾರವಾಢ್' ಎಂದರೆ ಸಂಬಳ ಏರಿಕೆ, 'ಪಗಾರೀ ರಜಾ' ಎಂದರೆ ಸಂಬಳ ಸಹಿತ ರಜೆ. ಕಾಸಿಲ್ಲದೆ ದರ್ಪ ತೋರುವವನಿಗೆ 'ಬಿನ್‌ಪಗಾರಿ ಫುಲ್ ಅಧಿಕಾರಿ' ಎಂಬ ಚುಚ್ಚುಮಾತೂ ಇದೆ.

ಆದರೆ ಪಗಾರ ಎನ್ನುವುದು ಸಾಮಾನ್ಯವಾಗಿ ತಿಂಗಳ ಸಂಬಳಕ್ಕೆ. ದಿನಗೂಲಿಗೆ 'ರೋಜಂದಾರಿ' ಎನ್ನುತ್ತಾರೆ. ಬಾರಾಮತಿ ತಾಲ್ಲೂಕಿನಲ್ಲಿ ಮಾಳೆಗಾಂವ್, ಸೋಮೇಶ್ವರ ಸಹಕಾರಿ ಸಕ್ಕರೆ ಕಾರ್ಖಾನೆಗಳಿವೆ. ಕಾರ್ಖಾನೆಯೊಳಗಿನ ನೌಕರರಿಗೆ ಪಗಾರ ಬರುತ್ತದೆ. ಮಹಾರಾಷ್ಟ್ರದಲ್ಲಿ ಕಬ್ಬು ಕಡಿಯಲು ಬರುವ ಗಂಡ-ಹೆಂಡತಿಯ ಜೋಡಿಗೆ, ಅಂದರೆ ಒಂದು 'ಕೊಯ್ತಾ'ಗೆ, ಸಿಗುವುದು 'ಉಚಲ್'. ಹಂಗಾಮಿಗೆ ಮೊದಲೇ ಮುಕಾದಮನ ಕೈಯಿಂದ ಪಡೆಯುವ ಮುಂಗಡವದು. ಕಡಿದ ಟನ್ ಲೆಕ್ಕದಲ್ಲಿ ಅದು ವಜಾ ಆಗುತ್ತದೆ, ತೀರದಿದ್ದರೆ ಬಾಕಿ ಮುಂದಿನ ಹಂಗಾಮಿಗೆ ಹೋಗುತ್ತದೆ. ಅದನ್ನು ಯಾರೂ ಪಗಾರ ಎನ್ನುವುದಿಲ್ಲ.