ಕೋಳಿ ಕಟ್ಟಿದ ಚಿಪ್ಪು, ಮಕ್ಕಳು ಹಚ್ಚುವ ಬಣ್ಣ

ಈಸ್ಟರ್ ಹತ್ತಿರ ಬಂತೆಂದರೆ ದುಬೈನ ಕರಾಮದ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಮೊಟ್ಟೆ, ಮೊಲದ ಕಿವಿಯ ಟೋಪಿ, ಹೊಳೆಯುವ ಸ್ಟಿಕ್ಕರ್‌ಗಳು ತೂಗಾಡತೊಡಗುತ್ತವೆ. ಮಂಗಳೂರು, ಉಡುಪಿ ಕಡೆಯ ಕ್ರೈಸ್ತ ಕುಟುಂಬಗಳಿಗೆ ಕರಾಮ ಹಳೆಯ ನೆಲೆ. ಪಕ್ಕದ ಊದ್ ಮೇಥಾದ ಸೇಂಟ್ ಮೇರೀಸ್ ಚರ್ಚಿನಲ್ಲಿ ಕೊಂಕಣಿಯಲ್ಲೂ ಬಲಿಪೂಜೆ ನಡೆಯುತ್ತದೆ. 2022ರ ಜನವರಿಗೆ ಮೊದಲು ಯುಎಇಯಲ್ಲಿ ವಾರದ ರಜೆ ಶುಕ್ರವಾರ-ಶನಿವಾರ ಇತ್ತು. ಈಸ್ಟರ್ ಭಾನುವಾರ ಸಾಮಾನ್ಯ ಕೆಲಸದ ದಿನ. ಈಗ ಭಾನುವಾರವೂ ಬಿಡುವು ಸಿಗುವುದರಿಂದ ಹಬ್ಬದ ದಿನ ಮಕ್ಕಳ ಜೊತೆ ಅಡುಗೆಮನೆಯಲ್ಲಿ ಕೂತು ಏನಾದರೂ ಮಾಡಬಹುದು. ಆ ಹೊತ್ತನ್ನು ಪ್ಲಾಸ್ಟಿಕ್ಕಿಗೆ ಕೊಡದೆ ನಿಜವಾದ ಕೋಳಿಮೊಟ್ಟೆಗೆ ಕೊಡಿ ಎನ್ನುವುದು ನನ್ನ ಒತ್ತಾಯ. ಮೊಟ್ಟೆಗೆ ಬಣ್ಣ ಹಚ್ಚುತ್ತಲೇ ಮಗುವಿಗೆ ಒಂದು ಹಕ್ಕಿಯ ಮೈಯೊಳಗಿನ ಕಾರ್ಖಾನೆಯನ್ನು ತೋರಿಸಬಹುದು.

ಈ ಹಬ್ಬಕ್ಕೂ ಮೊಟ್ಟೆಗೂ ಗಂಟು ಬಿದ್ದುದರ ಹಿಂದೆಯೇ ಕೋಳಿಯ ವಿಜ್ಞಾನವಿದೆ. ಮಧ್ಯಯುಗದ ಯುರೋಪಿನಲ್ಲಿ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ನಲವತ್ತು ದಿನ ಮಾಂಸದ ಜೊತೆ ಮೊಟ್ಟೆಯೂ ವರ್ಜ್ಯವಾಗಿತ್ತು. ಮನುಷ್ಯ ಉಪವಾಸವಿದ್ದರೂ ಕೋಳಿಗೆ ಉಪವಾಸವಿಲ್ಲವಲ್ಲ. ಅದೂ ವಸಂತಕಾಲ. ಹಗಲು ಉದ್ದವಾದಂತೆ ಕೋಳಿ ಹೆಚ್ಚು ಮೊಟ್ಟೆ ಇಡುತ್ತದೆ. ಹಗಲಿನ ಉದ್ದವನ್ನು ಅದು ಕಣ್ಣಿನಿಂದ ಮಾತ್ರ ಅಳೆಯುವುದಿಲ್ಲ. ತೆಳುವಾದ ತಲೆಬುರುಡೆಯನ್ನು ದಾಟಿ ಒಳಗೆ ಹೋಗುವ ಬೆಳಕನ್ನು ಮಿದುಳಿನ ಆಳದಲ್ಲಿರುವ ಜೀವಕೋಶಗಳು ನೇರವಾಗಿ ಗ್ರಹಿಸಿ ಅಂಡಾಶಯಕ್ಕೆ ಚಾಲನೆ ಕೊಡುತ್ತವೆ. ಯುರೋಪಿನ ಚಳಿಗಾಲದ ಮೋಟು ಹಗಲುಗಳಲ್ಲಿ ಸುಮ್ಮನಿದ್ದ ಕೋಳಿಗಳು ಮಾರ್ಚ್, ಏಪ್ರಿಲ್‌ನಲ್ಲಿ ಒಮ್ಮೆಲೇ ಮೊಟ್ಟೆಯಿಡಲು ಶುರುಮಾಡುತ್ತಿದ್ದವು. ಹಬ್ಬ ಬರುವಷ್ಟರಲ್ಲಿ ಮನೆಗಳಲ್ಲಿ ಮೊಟ್ಟೆಗಳ ರಾಶಿ. ಮಂಗಳೂರಿನಲ್ಲಿ ವರ್ಷವಿಡೀ ಹಗಲಿನ ಉದ್ದದಲ್ಲಿ ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ನಮ್ಮ ಊರಿನ ಕೋಳಿಗೆ ಅಂಥ ವಸಂತದ ಭರಾಟೆ ಇಲ್ಲ. ಇವತ್ತಿನ ಫಾರಂಗಳು ದೀಪ ಉರಿಸಿ ವರ್ಷಪೂರ್ತಿ ವಸಂತವನ್ನೇ ಸೃಷ್ಟಿಸುತ್ತವೆ.

ಒಂದು ಮೊಟ್ಟೆ ತಯಾರಾಗಲು ಸುಮಾರು 25 ಗಂಟೆ ಬೇಕು. ಅದರಲ್ಲಿ 20 ಗಂಟೆಯಷ್ಟು ಚಿಪ್ಪಿಗೇ ಮೀಸಲು. ಹಳದಿ ಭಾಗಕ್ಕೆ ಬಿಳಿ ಲೋಳೆ ಸುತ್ತಿಕೊಂಡು, ಅದರ ಮೇಲೆ ಎರಡು ಪದರದ ಪೊರೆ ಬಂದು, ಕೊನೆಗೆ ಗರ್ಭಕೋಶದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಹರಳುಗಳು ಒತ್ತೊತ್ತಾಗಿ ಬೆಳೆಯುತ್ತವೆ. ಸುಣ್ಣದಕಲ್ಲಿನಲ್ಲಿ ಇರುವುದೂ ಇದೇ ವಸ್ತು. ಚಿಪ್ಪಿನ ದಪ್ಪ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ಮಾತ್ರ. ಅಷ್ಟಕ್ಕೇ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಚಿಪ್ಪು ಕಟ್ಟುವ ಕೆಲಸದ ಬಹುಪಾಲು ನಡೆಯುವುದು ಕೋಳಿ ನಿದ್ರಿಸುವ, ಮೇವು ತಿನ್ನದ ರಾತ್ರಿಯಲ್ಲಿ. ಆಗ ಅದು ತನ್ನ ಕಾಲಿನ ಎಲುಬುಗಳೊಳಗೆ ಕೂಡಿಟ್ಟ ವಿಶೇಷ ಮೂಳೆಯನ್ನು ಕರಗಿಸಿ ಕ್ಯಾಲ್ಸಿಯಂ ತೆಗೆಯುತ್ತದೆ. ಮರುದಿನ ಮೇವಿನಿಂದ ಆ ಖಜಾನೆ ತುಂಬಿಸಿಕೊಳ್ಳುತ್ತದೆ. ಮೊಟ್ಟೆಯಿಡುವ ಕೋಳಿಯ ಮೇವಿನಲ್ಲಿ ಕಪ್ಪೆಚಿಪ್ಪಿನ ಚೂರು ಬೆರೆಸುವುದು ಇದಕ್ಕೇ. ತಟ್ಟೆಯ ಮೇಲೆ ನಾವು ಕುಟ್ಟಿ ಒಡೆದು ಬಿಸಾಡುವುದರಲ್ಲಿ ಆ ಹಕ್ಕಿಯ ಎಲುಬಿನ ಪಾಲೂ ಇದೆ. ಇದನ್ನು ಮಗುವಿಗೆ ಹೇಳಿ. ನಾಲ್ಕು ವರ್ಷದ ಮಗುವಿಗೂ ಅರ್ಥವಾಗುತ್ತದೆ.

ಚಿಪ್ಪಿನ ಬಣ್ಣವನ್ನು ಕೋಳಿ ಕೊನೆಯ ಕೆಲವು ಗಂಟೆಗಳಲ್ಲಿ ಬಳಿಯುತ್ತದೆ. ಕಂದು ಬಣ್ಣ ಪ್ರೊಟೊಪಾರ್ಫಿರಿನ್ ಎಂಬ ವರ್ಣದ್ರವ್ಯದ್ದು, ರಕ್ತದ ಕೆಂಪಿಗೆ ಹತ್ತಿರದ ನೆಂಟ. ಅದು ಬಹುಪಾಲು ಮೇಲುಮೇಲಿನ ಪದರದಲ್ಲೇ ಇರುತ್ತದೆ. ಕಂದು ಚಿಪ್ಪನ್ನು ಒಡೆದು ಒಳಗಡೆ ನೋಡಿದರೆ ಮಾಸಲು ಬಿಳಿ. ಇವೆಲ್ಲದರ ಮೇಲೆ ಪ್ರೋಟೀನಿನ ತೀರ ತೆಳು ಲೇಪವೊಂದಿದೆ. ಚಿಪ್ಪಿನಲ್ಲಿರುವ ಸಾವಿರಾರು ಸೂಕ್ಷ್ಮ ರಂಧ್ರಗಳ ಮೂಲಕ ಮರಿ ಉಸಿರಾಡುತ್ತದೆ. ಅದೇ ರಂಧ್ರಗಳಿಂದ ರೋಗಾಣು ನುಸುಳದಂತೆ ಈ ಲೇಪ ಕಾಯುತ್ತದೆ. ನಮ್ಮ ಬಣ್ಣ ಕೂರುವುದೂ ಈ ಹೊರಮೈಯ ಮೇಲೆ.

ಬಣ್ಣದ ನೀರಿಗೆ ಒಂದೆರಡು ಚಮಚ ವಿನೆಗರ್ ಹಾಕಿ ಎಂದು ಎಲ್ಲರೂ ಹೇಳುತ್ತಾರೆ. ಏಕೆಂದು ಹೇಳುವವರು ಕಡಿಮೆ. ಆಮ್ಲ ತಗುಲಿದಾಗ ಲೇಪದ ಪ್ರೋಟೀನುಗಳು ಧನ ವಿದ್ಯುದಂಶ ಪಡೆಯುತ್ತವೆ. ಅಂಗಡಿಯ ಆಹಾರ ಬಣ್ಣದ ಅಣುಗಳದ್ದು ಋಣ ವಿದ್ಯುದಂಶ. ಎರಡೂ ಒಂದನ್ನೊಂದು ಸೆಳೆದು ಬಣ್ಣ ಅಂಟುತ್ತದೆ. ಜೊತೆಗೆ ಆಮ್ಲ ಚಿಪ್ಪನ್ನು ಅಷ್ಟಿಷ್ಟು ಕರಗಿಸಿ ಮೈಯನ್ನು ಒರಟು ಮಾಡುತ್ತದೆ. ಮೊಟ್ಟೆಯ ಸುತ್ತ ಏಳುವ ಸಣ್ಣ ಗುಳ್ಳೆಗಳು ಇಂಗಾಲದ ಡೈ ಆಕ್ಸೈಡ್. ವಿನೆಗರ್ ಹೆಚ್ಚಾದರೆ ಬಣ್ಣ ಕಿತ್ತುಕೊಂಡು ಬರುತ್ತದೆ, ಜೋಕೆ.

ಅಂಗಡಿಯ ಬಣ್ಣಕ್ಕಿಂತ ಅಡುಗೆಮನೆಯ ಬಣ್ಣಗಳೇ ನನಗೆ ಇಷ್ಟ. ಕೆಂಪು ಈರುಳ್ಳಿಯ ಒಣಸಿಪ್ಪೆಯನ್ನು ವಾರವಿಡೀ ಕೂಡಿಟ್ಟು ಅರ್ಧ ಗಂಟೆ ಕುದಿಸಿದರೆ ಅದರಲ್ಲಿರುವ ಕ್ವೆರ್ಸೆಟಿನ್ ಮತ್ತಿತರ ದ್ರವ್ಯಗಳು ಬಿಟ್ಟುಕೊಂಡು ಇಟ್ಟಿಗೆಗೆಂಪು ಸಿಗುತ್ತದೆ. ಬೀಟ್‌ರೂಟ್ ಮೇಲೆ ಭರವಸೆ ಇಡಬೇಡಿ. ಅದರ ಕೆಂಪು ಕಾವಿಗೆ ಕೆಡುತ್ತದೆ. ಮಕ್ಕಳು ಬೆರಗಾಗುವುದು ನೇರಳೆ ಎಲೆಕೋಸಿಗೆ. ಹೆಚ್ಚಿ ಕುದಿಸಿದ ನೀರು ನೇರಳೆ, ವಿನೆಗರ್ ಬಿದ್ದೊಡನೆ ಗುಲಾಬಿ. ಬೇಯಿಸಿದ ಬಿಳಿ ಮೊಟ್ಟೆಯನ್ನು ಆ ಗುಲಾಬಿ ನೀರಿನಲ್ಲಿ ರಾತ್ರಿಯಿಡೀ ಮುಳುಗಿಸಿ ಫ್ರಿಜ್ಜಿನಲ್ಲಿಟ್ಟರೆ ಬೆಳಗ್ಗೆ ಅದು ನೀಲಿ! ಎಲೆಕೋಸಿನ ಆಂಥೋಸಯನಿನ್ ಆಮ್ಲದಲ್ಲಿ ಕೆಂಪು, ಕ್ಷಾರದತ್ತ ವಾಲಿದಾಗ ನೀಲಿ. ಚಿಪ್ಪಿನ ಕಾರ್ಬೊನೇಟ್ ತನ್ನನ್ನು ಮುಟ್ಟಿದ ಆಮ್ಲವನ್ನು ಅಲ್ಲಲ್ಲೇ ತಟಸ್ಥಗೊಳಿಸುತ್ತದೆ.

ಅರಿಶಿನದ್ದು ನಮಗೆ ಗೊತ್ತಿರುವ ಕಥೆಯೇ. ಅರಿಶಿನ ನೀರಿಗೆ ಚಿಟಿಕೆ ಸುಣ್ಣ ಹಾಕಿ ಕೆಂಪು ಆರತಿ ಮಾಡುವುದನ್ನು ಎಲ್ಲರೂ ಕಂಡಿದ್ದೇವೆ. ಕರ್ಕ್ಯುಮಿನ್ ಕ್ಷಾರದಲ್ಲಿ ಕೆಂಪಾಗುತ್ತದೆ. ಅರಿಶಿನದಲ್ಲಿ ಬೇಯಿಸಿದ ಹಳದಿ ಮೊಟ್ಟೆಯ ಮೇಲೆ, ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಅದ್ದಿದ ಬ್ರಷ್‌ನಿಂದ ಮಗು ಚಿತ್ರ ಬರೆಯಲಿ. ಗೆರೆ ಎಳೆದಲ್ಲೆಲ್ಲ ಕೆಂಗಂದು ಬಣ್ಣ ಮೂಡುತ್ತದೆ. ಸುಣ್ಣವನ್ನು ಮಾತ್ರ ಮಕ್ಕಳ ಕೈಗೆ ಕೊಡಬೇಡಿ, ಕಣ್ಣಿಗೆ ಸಿಡಿದರೆ ಅಪಾಯ. ಇನ್ನೊಂದು ಉಪಾಯ ಮೇಣದ್ದು: ಬಿಳಿ ಮೇಣದಬತ್ತಿಯಿಂದ ಮೊದಲೇ ಶಿಲುಬೆಯನ್ನೋ ರಂಗೋಲಿಯನ್ನೋ ಬರೆದು ತಣ್ಣಗಿನ ಬಣ್ಣದಲ್ಲಿ ಮುಳುಗಿಸಿದರೆ ಮೇಣವಿದ್ದಲ್ಲಿ ಚಿಪ್ಪು ಬಿಳಿಯಾಗಿಯೇ ಉಳಿಯುತ್ತದೆ. ಉಕ್ರೇನಿನ ಹೆಸರಾಂತ ಪಿಸಾಂಕಾ ಮೊಟ್ಟೆಗಳ ತಂತ್ರವೂ ಮೂಲತಃ ಇದೇ.

ಸ್ವಲ್ಪ ದೊಡ್ಡ ಮಕ್ಕಳಿದ್ದರೆ ಒಂದು ಹಸಿ ಮೊಟ್ಟೆಯನ್ನು ಲೋಟದ ತುಂಬ ವಿನೆಗರ್‌ನಲ್ಲಿ ಒಂದೆರಡು ದಿನ ಬಿಡಿ. ಚಿಪ್ಪು ಪೂರ್ತಿ ಕರಗಿ, ಬೆಳಕಿಗೆ ಹಿಡಿದರೆ ಹಳದಿ ಕಾಣುವ ಮೆತ್ತನೆಯ ಚೆಂಡು ಉಳಿಯುತ್ತದೆ. ನೀರಿನಲ್ಲಿಟ್ಟರೆ ಅದು ಉಬ್ಬುತ್ತದೆ, ಸಕ್ಕರೆ ಪಾಕದಲ್ಲಿಟ್ಟರೆ ಸೊರಗುತ್ತದೆ. ಪೊರೆಯ ಮೂಲಕ ನೀರು ಓಡಾಡುವ ಪರಿ ಅದು. ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಸಲೇಬೇಕು, ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಇರಬಹುದು.

ದುಬೈನ ಏಪ್ರಿಲ್‌ನಲ್ಲಿ ಮಧ್ಯಾಹ್ನದ ಬಿಸಿಲು 30 ಡಿಗ್ರಿ ದಾಟುತ್ತದೆ. ಜಬೀಲ್ ಪಾರ್ಕಿಗೆ ಕರೆದೊಯ್ದು ಪೊದೆಗಳ ಹಿಂದೆ ಮೊಟ್ಟೆ ಅಡಗಿಸಿ ಆಡಿಸುವ ಆಸೆಯಿದ್ದರೆ ಬೇಯಿಸಿದ ಮೊಟ್ಟೆ ಒಯ್ಯಬೇಡಿ. ಆ ಕಾವಿನಲ್ಲಿ ಒಂದು ಗಂಟೆ ಮೀರಿದರೆ ಅದು ತಿನ್ನಲು ಯೋಗ್ಯವಲ್ಲ. ಅಡಗಿಸಲು ಒಳಗನ್ನು ತೆಗೆದು ತೊಳೆದ ಖಾಲಿ ಚಿಪ್ಪು ಸಾಕು. ಆಟ ಮುಗಿದ ಮೇಲೆ ಒಡೆದ ಚಿಪ್ಪಿನಲ್ಲಿ ಮಣ್ಣು ತುಂಬಿ ಸಾಸಿವೆ ಬಿತ್ತಿ ಬಾಲ್ಕನಿಯಲ್ಲಿಡಿ. ಮನೆಯಲ್ಲಿ ಬಣ್ಣ ಹಚ್ಚಿದ ಬೇಯಿಸಿದ ಮೊಟ್ಟೆಗಳನ್ನು ಫ್ರಿಜ್ಜಿನಲ್ಲಿಟ್ಟು ವಾರದೊಳಗೆ ತಿಂದು ಮುಗಿಸಿ. ಈ ಸಲ ಗ್ರೋಸರಿಯಿಂದ ತರುವಾಗ ಬಿಳಿ ಮೊಟ್ಟೆಯ ಟ್ರೇಯನ್ನೇ ಕೇಳಿ ತನ್ನಿ, ಕಂದು ಚಿಪ್ಪಿನ ಮೇಲೆ ಎಲೆಕೋಸಿನ ನೀಲಿ ಎದ್ದು ಕಾಣುವುದಿಲ್ಲ.