ಯಾವ ಅಪರಾಧ, ಯಾವ ಹಣ, ಯಾರ ಕೈ?

ಲಂಚವನ್ನು ಲಂಚ ಎಂದೇ ಲೆಕ್ಕದಲ್ಲಿ ಬರೆಯುವವರಿಲ್ಲ. ಅಮೆರಿಕದ ಲೂಯಿ ಬರ್ಜರ್ ಕಂಪನಿಯವರು ಅದನ್ನು ‘ಕಮಿಟ್‌ಮೆಂಟ್ ಫೀ’, ‘ಮಾರ್ಕೆಟಿಂಗ್ ಫೀ’ ಎಂದೆಲ್ಲ ಬರೆದುಕೊಂಡರು. ಹಾಗೆ ಲಂಚ ಕೊಟ್ಟು ಪಡೆದ ಕೆಲಸಗಳಲ್ಲಿ ಜಪಾನಿನ ಸಾಲದಿಂದ ನಡೆದ ಗೋವಾದ ಕುಡಿಯುವ ನೀರು, ಒಳಚರಂಡಿ ಯೋಜನೆಯೂ ಒಂದು. 2015ರ ಜುಲೈನಲ್ಲಿ ಕಂಪನಿ ಅಮೆರಿಕದಲ್ಲಿ ತಪ್ಪೊಪ್ಪಿಕೊಂಡು 1.71 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು. ಗೋವಾದಲ್ಲಿ ದುಡ್ಡು ಪಡೆದ ಮಂತ್ರಿಯ ಹೆಸರು ಮಾತ್ರ ಆ ಕಾಗದಗಳಲ್ಲಿ ಇರಲಿಲ್ಲ.

ಗೋವಾ ಪೊಲೀಸರು ಭ್ರಷ್ಟಾಚಾರದ ಕೇಸು ಹಾಕಿದರು. ಹಿಂದೆಯೇ ಬಂದ ಜಾರಿ ನಿರ್ದೇಶನಾಲಯ (ಇ.ಡಿ.), 2017ರಲ್ಲಿ ಮಾಜಿ ಮುಖ್ಯಮಂತ್ರಿ ದಿಗಂಬರ ಕಾಮತ್, ಮಾಜಿ ಸಚಿವ ಚರ್ಚಿಲ್ ಅಲೆಮಾವೊ ಅವರ 1.95 ಕೋಟಿ ರೂಪಾಯಿ ಆಸ್ತಿಯನ್ನು ಜಪ್ತಿ ಮಾಡಿತು. ಇಬ್ಬರೂ ಆರೋಪವನ್ನು ತಳ್ಳಿಹಾಕಿದ್ದಾರೆ.

ಈ ಜಪ್ತಿಗೆ ಇ.ಡಿ. ಬಳಸಿದ ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆ ತನ್ನ ಕಾಲ ಮೇಲೆ ತಾನೇ ನಿಲ್ಲುವಂಥದ್ದಲ್ಲ. ಇನ್ನೊಂದು ಅಪರಾಧ ಮೊದಲು ನಡೆದಿರಬೇಕು, ಅದು ಕಾಯ್ದೆಯ ಅನುಸೂಚಿಯಲ್ಲಿರಬೇಕು. ಲಂಚ ಆ ಪಟ್ಟಿಯಲ್ಲಿದೆ. ಆ ಅಪರಾಧದಿಂದಲೇ ಬಂದ ಹಣ ಯಾವುದು, ಅದನ್ನು ಬಚ್ಚಿಡುವುದರಲ್ಲೋ ಬಳಸುವುದರಲ್ಲೋ ಆರೋಪಿಯ ಕೈ ಎಲ್ಲಿತ್ತು ಎಂಬುದನ್ನೂ ಇ.ಡಿ. ತೋರಿಸಬೇಕು. ಈ ಮೂರನ್ನು ಸಾಬೀತು ಮಾಡಿದ ಮೇಲೆಯೇ ‘ನಿರ್ದೋಷಿ ಎಂದು ನೀನೇ ತೋರಿಸು’ ಎಂಬ ಹೊರೆ ಆರೋಪಿಯ ಹೆಗಲಿಗೆ ಬೀಳುತ್ತದೆ ಎಂದು 2022ರ ಜುಲೈನ ವಿಜಯ್ ಮದನ್‌ಲಾಲ್ ಚೌಧರಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಈ ಷರತ್ತುಗಳ ಬಿಸಿ ಕರ್ನಾಟಕದಿಂದ ಹೋದ ಕೇಸುಗಳಲ್ಲೂ ತಟ್ಟಿತು. 2023ರ ನವೆಂಬರಿನಲ್ಲಿ, ಬೆಂಗಳೂರಿನ ಪಾವನಾ ದಿಬ್ಬೂರ್ ಪ್ರಕರಣದಲ್ಲಿ, ಕೋರ್ಟು ಎರಡು ಮಾತು ಇತ್ಯರ್ಥಮಾಡಿತು. ‘ಒಳಸಂಚು’ ಎಂದಷ್ಟೇ ಬರೆದರೆ ಸಾಲದು. ಸಂಚು ಅನುಸೂಚಿತ ಅಪರಾಧ ಮಾಡುವುದಕ್ಕೇ ಆಗಿರಬೇಕು. ಮತ್ತೆ, ಅಪರಾಧ ನಡೆಯುವ ಮೊದಲೇ ಕೊಂಡ ಆಸ್ತಿ ಆ ಅಪರಾಧದ ಗಳಿಕೆ ಆಗಲಾರದು. ಕ್ರಯಪತ್ರದ ತಾರೀಖು ನೋಡಿದರೆ ತಿಳಿಯುವ ಸಂಗತಿ ದೆಹಲಿಯವರೆಗೆ ಹೋಗಬೇಕಾಯಿತಲ್ಲ ಎಂದು ನನಗೆ ಸಂಕಟವಾಗುತ್ತದೆ. ಒಳಸಂಚಿನ ಬಗೆಗಿನ ಅದೇ ತರ್ಕದ ಮೇಲೆ 2024ರ ಮಾರ್ಚ್‌ನಲ್ಲಿ ಡಿ.ಕೆ. ಶಿವಕುಮಾರ್ ವಿರುದ್ಧದ ಇ.ಡಿ. ಪ್ರಕರಣವೂ ರದ್ದಾಯಿತು.

ಇದು ತಾಂತ್ರಿಕ ತಕರಾರು, ದೊಡ್ಡವರು ನುಣುಚಿಕೊಳ್ಳುವ ದಾರಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಈ ಕಾಯ್ದೆಯಡಿ ಜಾಮೀನು ಸಿಗಬೇಕಾದರೆ, ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಕಾರಣವಿದೆಯೆಂದು ನ್ಯಾಯಾಧೀಶರಿಗೆ ಮೊದಲೇ ಅನ್ನಿಸಬೇಕು. ಆರೋಪವೇ ಮಸುಕಾಗಿದ್ದರೆ ಒಳಗಿರುವವನು ಯಾವುದಕ್ಕೆ ಉತ್ತರ ಹೇಳಬೇಕು? ಬಿಗಿಯಾಗಿ ಬರೆಯದ ದೂರಿನಿಂದ ಗೋವಾದ ನೀರಿನ ದುಡ್ಡೂ ವಾಪಸು ಬರುವುದಿಲ್ಲ. ‘ಮಾರ್ಕೆಟಿಂಗ್ ಫೀ’ ಎಂಬ ಸಾಲಿನಿಂದ ಹೊರಟ ಡಾಲರು ಯಾವ ದಿನ, ಯಾರ ಮೂಲಕ, ಯಾರ ಕೈ ಸೇರಿತು ಎಂಬುದನ್ನು ಪಣಜಿಯಲ್ಲಿ ಕೂತು ಒಂದೊಂದಾಗಿ ಬರೆಯಲೇಬೇಕು.