ನಿಮಗಿದು ಗೊತ್ತೇ? ಪರಕೆ ಹಿಡಿದವರ ಪವಾಡಗಳು!

ನಮ್ಮ ಚಿತ್ರದುರ್ಗ ಜಿಲ್ಲೆಯ ಬಿ.ಜಿ. ಕೆರೆ ಕಡೆಯಿಂದ ಬೆಂಗಳೂರಿಗೆ ದುಡಿಯಲು ಹೋದವರನ್ನು "ಏನ್ ಕೆಲ್ಸ?" ಅಂತ ಕೇಳಿ ನೋಡಿ. "ಹೌಸ್‌ಕೀಪಿಂಗ್" ಅನ್ನುವವರು ಒಬ್ಬರಾದರೂ ಸಿಕ್ಕೇ ಸಿಗುತ್ತಾರೆ. ಮಾಲು, ಬ್ಯಾಂಕು, ಐ.ಟಿ. ಕಂಪನಿ, ಎಲ್ಲ ಕಡೆ ನೆಲ ಹೊಳೆಯುವುದು ಇಂಥವರ ಕೈಯಿಂದ. ಗುಡಿಸಿ ಒರೆಸುವುದರಲ್ಲಿ ಏನಪ್ಪಾ ವಿಶೇಷ ಅಂತೀರಾ? ಸ್ವಲ್ಪ ತಾಳಿ!

ಮನೆಮನೆಗೂ ಬಂದ ಕರೆಂಟಿನ ವ್ಯಾಕ್ಯೂಮ್ ಕ್ಲೀನರ್ ಕಟ್ಟಿದ್ದು ಯಾರು ಗೊತ್ತೇ? ದೊಡ್ಡ ವಿಜ್ಞಾನಿಯಲ್ಲ. ಅಂಗಡಿಯೊಂದರ ಕಸ ಗುಡಿಸುವಾತ! ಹೆಸರು ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್. ಊರು ಅಮೆರಿಕದ ಓಹಾಯೋ ರಾಜ್ಯದ ಕ್ಯಾಂಟನ್. ಪಾಪ, ಆಸ್ತಮಾ ಬೇರೆ. ಕಾರ್ಪೆಟ್ ಗುಡಿಸಿದರೆ ದೂಳು ಏಳುತ್ತಿತ್ತು, ದೂಳು ಎದ್ದರೆ ಉಸಿರು ಕಟ್ಟುತ್ತಿತ್ತು. 1907ರಲ್ಲಿ ಆತ ಒಂದು ಫ್ಯಾನಿನ ಮೋಟರ್, ಒಂದು ಸೋಪಿನ ಪೆಟ್ಟಿಗೆ, ಒಂದು ಪರಕೆಯ ಹಿಡಿ ಜೋಡಿಸಿದ. ದೂಳು ತುಂಬಲು ಚೀಲ ಬೇಕಲ್ಲ? ದಿಂಬಿನ ಕವರ್ ಕಟ್ಟಿದ!

ಮುಂದೇನಾಯ್ತು? 1908ರಲ್ಲಿ ಪೇಟೆಂಟ್ ಸಿಕ್ಕಿತು. ಕೈಯಲ್ಲಿ ದುಡ್ಡಿರಲಿಲ್ಲ. ಹಕ್ಕನ್ನು ಮಾರಿದ. ಕೊಂಡವರು ತೊಗಲಿನ ಸಾಮಾನು ಮಾಡುತ್ತಿದ್ದ ಹೂವರ್ ಎಂಬವರು. ಇವತ್ತು ಲೋಕಕ್ಕೆಲ್ಲ ಹೂವರ್ ಹೆಸರು ಗೊತ್ತು. ಸ್ಪ್ಯಾಂಗ್ಲರ್ ಹೆಸರು ನೀವು ಕೇಳಿದ್ದು ಇದೇ ಮೊದಲು, ಹೌದಲ್ಲವೇ?

ಅದಕ್ಕೂ ಮುಂಚೆ, 1901ರಲ್ಲಿ, ಇಂಗ್ಲೆಂಡಿನ ಹ್ಯೂಬರ್ಟ್ ಸೆಸಿಲ್ ಬೂತ್ ಮಾಡಿದ ಯಂತ್ರವನ್ನು ಎಳೆಯಲು ಕುದುರೆ ಬೇಕಿತ್ತು. ಗಾಡಿ ಬೀದಿಯಲ್ಲೇ ನಿಲ್ಲುತ್ತಿತ್ತು, ಉದ್ದನೆಯ ಪೈಪು ಕಿಟಕಿಯಿಂದ ಒಳಗೆ ಹೋಗುತ್ತಿತ್ತು. ರಾಜನ ಪಟ್ಟಾಭಿಷೇಕದ ಕಾರ್ಪೆಟ್ ಕ್ಲೀನ್ ಮಾಡಿದ್ದೂ ಇದೇ!

ಈಗ ನಮ್ಮೂರ ಕಡೆ ಬನ್ನಿ. ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಒಣ ಬಯಲಲ್ಲಿ ಹಂಚಿ ಹುಲ್ಲು ನೋಡಿದ್ದೀರಾ? ಅದರ ಸೂಜಿಯಂಥ ಬೀಜ ಕುರಿಯ ಉಣ್ಣೆಗೆ ಚುಚ್ಚಿಕೊಂಡರೆ ಬಿಡುವುದೇ ಇಲ್ಲ. ನಿಮ್ಮ ಪಂಚೆಗೂ ಅಷ್ಟೇ! ಇಷ್ಟು ತಂಟೆಯ ಆ ಹುಲ್ಲಿನ ಕಡ್ಡಿಯನ್ನೇ ಕಟ್ಟಿದರೆ ಅಂಗಳಕ್ಕೆ ಗಟ್ಟಿ ಪರಕೆ!

ಆಫೀಸುಗಳಲ್ಲಿ ಬಳಸುವ ಮೆತ್ತನೆಯ ಹುಲ್ಲು ಪರಕೆಯ ಕಥೆ ಇನ್ನೂ ಚೆಂದ. ಆ ಹುಲ್ಲು ದಂಡಿಯಾಗಿ ಬೆಳೆಯುವುದು ದೂರದ ಮೇಘಾಲಯದ ಗುಡ್ಡಗಳಲ್ಲಿ. ನೀವು ಹಿಡಿದಿರುವುದು ಎಲೆಯಲ್ಲ, ಆ ಹುಲ್ಲಿನ ಹೂಗೊಂಚಲು! ಹೊಸ ಪರಕೆ ತಂದ ದಿನ ಗುಡಿಸಿದಷ್ಟೂ ಹೊಟ್ಟು ಉದುರುತ್ತದಲ್ಲ, ಅದು ಅದೇ ಹೂವಿನ ಚೂರು. ಕಸ ಗುಡಿಸಲು ಹೂವು!

ಚಳ್ಳಕೆರೆ ಅಂದಮೇಲೆ ಶೇಂಗಾ ಎಣ್ಣೆ ಮಿಲ್ಲು ನೆನಪಾಗಲೇಬೇಕು. ಎಣ್ಣೆ ಚೆಲ್ಲಿದ ನೆಲಕ್ಕೆ ನೀರು ಸುರಿದಿರೋ, ಕೆಟ್ಟಿರಿ. ಎಣ್ಣೆ ನೀರಿನ ಮೇಲೆ ತೇಲಿ ಇನ್ನಷ್ಟು ಹರಡುತ್ತದೆ, ಕಾಲಿಟ್ಟವರು ಜಾರುತ್ತಾರೆ. ಬಲ್ಲವರು ಮೊದಲು ಮರದ ಹೊಟ್ಟು ಎರಚುತ್ತಾರೆ. ಹೊಟ್ಟು ಎಣ್ಣೆ ಹೀರಿ ಉಂಡೆಗಟ್ಟುತ್ತದೆ. ಅದನ್ನು ಬಳಿದು ತೆಗೆದು, ಆಮೇಲೆ ಸೋಪು, ಬಿಸಿನೀರು. ತಮಾಷೆ ಏನು ಗೊತ್ತೇ? ಎಣ್ಣೆ ತೊಳೆಯುವ ಆ ಸೋಪು ಹುಟ್ಟುವುದೂ ಎಣ್ಣೆಯಿಂದಲೇ! ಎಣ್ಣೆಗೆ ಕಾಸ್ಟಿಕ್ ಸೋಡಾ ಸೇರಿದರೆ ಸೋಪು.

ಕರಿ ಫಿನಾಯಿಲ್ ಬಕೆಟ್ಟಿಗೆ ಹಾಕುವುದನ್ನು ಹತ್ತಿರದಿಂದ ನೋಡಿ. ಬಾಟಲಿಯಲ್ಲಿ ಡಾಂಬರಿನಂತೆ ಕಪ್ಪು. ನೀರಿಗೆ ಬಿದ್ದ ಕ್ಷಣ ಹೊಗೆಯಂತೆ ಸುರುಳಿ ಸುತ್ತಿ ಬೆಳ್ಳಗಾಗುತ್ತದೆ! ಕಲ್ಲಿದ್ದಲಿನ ಡಾಂಬರಿನಿಂದ ಬಂದ ಎಣ್ಣೆ ಅದು. ನೀರಿನಲ್ಲಿ ಕರಗುವುದಿಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಒಡೆಯುತ್ತದೆ. ಆ ಹನಿಗಳು ಬೆಳಕನ್ನು ಚೆದುರಿಸುತ್ತವೆ, ನಮಗೆ ಬಿಳಿ ಕಾಣುತ್ತದೆ. ಹಾಲು ಬೆಳ್ಳಗಿರುವುದಕ್ಕೂ ಇದೇ ಕಾರಣ! (ಕುಡಿಯಬೇಡಿ ಮಾರಾಯ್ರೇ.)

ಇದನ್ನಂತೂ ಮರೆಯಲೇಬೇಡಿ. ಬ್ಲೀಚಿಂಗ್ ಪೌಡರಿಗೆ ಟಾಯ್ಲೆಟ್ ಆಸಿಡ್ ಬೆರೆಸಿದರೆ ಡಬಲ್ ಕ್ಲೀನ್ ಆಗುವುದಿಲ್ಲ, ಕ್ಲೋರಿನ್ ಅನಿಲ ಏಳುತ್ತದೆ. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಸೈನಿಕರ ಮೇಲೆ ಬಿಟ್ಟದ್ದು ಇದೇ ಅನಿಲ! ಬಾಗಿಲು ಮುಚ್ಚಿದ ಬಚ್ಚಲಲ್ಲಿ ಈ ಪ್ರಯೋಗ ಬೇಡವೇ ಬೇಡ.

ಅದೇ ಆಸಿಡ್ ಒಂದು ಹನಿ ಗ್ರಾನೈಟ್ ಮೇಲೆ ಬಿದ್ದರೆ ಕಲ್ಲು ಸುಮ್ಮನಿರುತ್ತದೆ. ಶಹಾಬಾದ್ ಕಲ್ಲಿನ ಮೇಲೆ ಬಿದ್ದರೆ? ಬುಸ್ ಅಂತ ನೊರೆ! ಅದು ಸುಣ್ಣದ ಕಲ್ಲು, ಆಸಿಡ್ ಅದನ್ನು ತಿಂದುಬಿಡುತ್ತದೆ. ಪಾಲಿಶ್ ಹೋದರೆ ಹೋಯಿತು. ಅಮೃತಶಿಲೆಯ ಹಣೆಬರಹವೂ ಇದೇ.

ಶಹಾಬಾದ್ ಬಿಡಿ, ವಿಧಾನಸೌಧವೇ ಗ್ರಾನೈಟ್. 1956ರಲ್ಲಿ ಮುಗಿದಾಗ ಕಟ್ಟಲು ತಗುಲಿದ್ದು ಎರಡು ಕೋಟಿ ರೂಪಾಯಿಗೂ ಕಡಿಮೆ. ಈಗ ಅದನ್ನು ಗುಡಿಸಿ, ಒರೆಸಿ, ಬಣ್ಣ ಬಳಿದು, ರಿಪೇರಿ ಮಾಡಲು ಒಂದೇ ವರ್ಷಕ್ಕೆ ಅದಕ್ಕಿಂತ ಹೆಚ್ಚು ಬೇಕು! ನೆಲವೇ 5 ಲಕ್ಷ ಚದರಡಿಗೂ ಮೇಲೆ. ಮನೆಯ ಹಾಲ್ ಒರೆಸಿ ಸೊಂಟ ಹಿಡಿದುಕೊಳ್ಳುವವರು ಒಮ್ಮೆ ಯೋಚಿಸಿ!

ಸೊಂಟ ಅಂದೆನಲ್ಲ, ನಿಂತುಕೊಂಡೇ ನೆಲ ಒರೆಸಿ, ಬಕೆಟ್ಟಿನಲ್ಲೇ ಮಾಪ್ ಹಿಂಡುವ ಏರ್ಪಾಟು ನೋಡಿದ್ದೀರಲ್ಲ? 1956ರಲ್ಲಿ ಅದನ್ನು ಸ್ಪೇನಿನ ಮನೆಮನೆಗೆ ತಂದವರು ಮ್ಯಾನುಯೆಲ್ ಹಲೋನ್ ಎಂಬ ವಿಮಾನ ಎಂಜಿನಿಯರ್! ಅದುವರೆಗೆ ಅಲ್ಲಿನ ಹೆಂಗಸರು ಮಂಡಿಯೂರಿಯೇ ಉಜ್ಜುತ್ತಿದ್ದರು.

ದೊಡ್ಡ ಆಸ್ಪತ್ರೆ, ಹೋಟೆಲುಗಳಲ್ಲಿ ಮಾಪಿಗೂ ಬಟ್ಟೆಗೂ ಬಣ್ಣ ಹಂಚಿಕೆ ಉಂಟು. ಎಲ್ಲೆಡೆ ಹೆಚ್ಚಾಗಿ ನಡೆಯುವ ಲೆಕ್ಕದಲ್ಲಿ ಕೆಂಪು ಟಾಯ್ಲೆಟ್ಟಿಗೆ, ಹಸಿರು ಅಡುಗೆ ಜಾಗಕ್ಕೆ, ನೀಲಿ ಉಳಿದ ಕಡೆಗೆ. ಕೆಂಪು ಬಟ್ಟೆ ಅಡುಗೆ ಕಟ್ಟೆ ಮೇಲೆ ಕಂಡರೆ ಸೂಪರ್‌ವೈಸರ್ ಮುಖವೂ ಕೆಂಪು!

ಗುಡಿಸುವವರಲ್ಲಿ ಕವಿ ಇದ್ದರು ಗೊತ್ತೇ? ಅದೂ 12ನೇ ಶತಮಾನದಲ್ಲಿ! ಶಿವಭಕ್ತರ ಮನೆಯಂಗಳ ಗುಡಿಸುವುದನ್ನೇ ಕಾಯಕ ಮಾಡಿಕೊಂಡಿದ್ದ ಸತ್ಯಕ್ಕ ಬರೆದ ವಚನಗಳು ಇಂದಿಗೂ ಉಳಿದಿವೆ. ಆಕೆಯ ಕಾಲದ ಎಷ್ಟು ಶ್ರೀಮಂತರ ಹೆಸರು ನಿಮಗೆ ನೆನಪಿದೆ, ಹೇಳಿ ನೋಡೋಣ.

ರಾಜನೂ ಪರಕೆ ಹಿಡಿಯುತ್ತಾನೆ! ಪುರಿ ಜಗನ್ನಾಥನ ರಥಯಾತ್ರೆಯಲ್ಲಿ ರಥ ಗುಡಿಸುವುದು ಅಲ್ಲಿನ ಗಜಪತಿ ಮಹಾರಾಜ. ಪರಕೆಯ ಹಿಡಿ ಮಾತ್ರ ಬಂಗಾರದ್ದು.

ನಮ್ಮ ಪೌರಕಾರ್ಮಿಕರು ವಿಮಾನ ಹತ್ತಿ ಸಿಂಗಪುರಕ್ಕೆ ಹೋಗಿ ಬಂದದ್ದು ಗೊತ್ತೇ? 2017ರಲ್ಲಿ ರಾಜ್ಯ ಸರ್ಕಾರವೇ ತಂಡ ತಂಡವಾಗಿ ಕಳಿಸಿತು. ಅಲ್ಲಿ ಸ್ವಚ್ಛತೆ ಹೇಗೆ ಅಂತ ನೋಡಿ ಬರಲು! ಆಫೀಸರುಗಳ ಫಾರಿನ್ ಟೂರ್ ಸುದ್ದಿ ಎಷ್ಟೋ ಕೇಳಿದ್ದೇವೆ. ನನಗೆ ಖುಷಿ ಕೊಟ್ಟದ್ದು ಇದೊಂದೇ.

ದುಬೈನ ಬುರ್ಜ್ ಖಲೀಫಾ 828 ಮೀಟರ್ ಎತ್ತರ. ಕಿಟಕಿಗಳು 24 ಸಾವಿರಕ್ಕೂ ಹೆಚ್ಚು. ಮೇಲಿಂದ ಕೆಳಗಿನವರೆಗೆ ಗಾಜು ಒರೆಸಲು ಮೂರ್ನಾಲ್ಕು ತಿಂಗಳು. ಮುಗಿಯುವ ಹೊತ್ತಿಗೆ ಮೊದಲು ಒರೆಸಿದ್ದರ ಮೇಲೆ ಮತ್ತೆ ಮರಳು ಕೂತಿರುತ್ತದೆ!

ಜಪಾನಿನಲ್ಲಿ ಇದಕ್ಕೆ ತದ್ವಿರುದ್ಧ. ಟೋಕಿಯೋ ನಿಲ್ದಾಣದಲ್ಲಿ ಬುಲೆಟ್ ರೈಲು ಪೂರ್ತಿ ಗುಡಿಸಿ, ಸೀಟು ತಿರುಗಿಸಿ, ಟ್ರೇ ಒರೆಸಲು ಸಿಗುವುದು ಬರೀ 7 ನಿಮಿಷ. ಮುಗಿಸಿ, ಸಾಲಾಗಿ ನಿಂತು ಪ್ರಯಾಣಿಕರಿಗೆ ನಮಸ್ಕಾರ ಬೇರೆ!

ಪರಕೆಗೆ ಪ್ರವೇಶವೇ ಇಲ್ಲದ ಕೋಣೆಗಳೂ ಇವೆ. ಚಳ್ಳಕೆರೆ ಹತ್ತಿರದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಕ್ಯಾಂಪಸ್ ಇದೆಯಲ್ಲ, ಅದೇ ಸಂಸ್ಥೆಯ ಬೆಂಗಳೂರು ಕ್ಯಾಂಪಸ್ಸಿನಲ್ಲಿ ಚಿಪ್ ತಯಾರಿಸಲು 'ಕ್ಲೀನ್ ರೂಮ್' ಉಂಟು. 'ಕ್ಲಾಸ್ 100' ಎಂಬ ದರ್ಜೆಯ ಇಂಥ ಕೋಣೆಯಲ್ಲಿ ಒಂದು ಘನ ಅಡಿ ಗಾಳಿಯಲ್ಲಿ ಅರ್ಧ ಮೈಕ್ರಾನ್ ಅಥವಾ ಅದಕ್ಕಿಂತ ದೊಡ್ಡ ಕಣಗಳು 100ನ್ನು ದಾಟುವಂತಿಲ್ಲ. ನಮ್ಮ ಮಾಮೂಲಿ ಕೋಣೆಯಲ್ಲಿ ಲಕ್ಷಗಟ್ಟಲೆ! ಮಾಮೂಲಿ ಕಾಗದ, ಪೆನ್ಸಿಲ್ ಕೂಡ ಒಳಗೆ ಬೇಡ, ದೂಳು ಉದುರುತ್ತದಂತೆ. ಅಲ್ಲಿ ಅತಿ ದೊಡ್ಡ ಕಸ ಯಾವುದು ಹೇಳಿ? ಒಳಗೆ ಹೋಗುವ ಮನುಷ್ಯ! ಅದಕ್ಕೇ ತಲೆಯಿಂದ ಕಾಲಿನವರೆಗೆ ಸೂಟು.

ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ರೊನಾಲ್ಡ್ ರೀಡ್ ಅಂತ ಒಬ್ಬರಿದ್ದರು. ಮೊದಲು ಪೆಟ್ರೋಲ್ ಬಂಕು, ಆಮೇಲೆ ದೊಡ್ಡ ಅಂಗಡಿಯಲ್ಲಿ ಕ್ಲೀನಿಂಗ್. ಕೋಟಿಗೆ ಗುಂಡಿಯ ಬದಲು ಪಿನ್ನು. 2014ರಲ್ಲಿ ತೀರಿಕೊಂಡ ಮೇಲೆ ನೋಡಿದರೆ ಸುಮಾರು 80 ಲಕ್ಷ ಡಾಲರ್ ಆಸ್ತಿ! ಷೇರು ಕೊಂಡು ಮುಟ್ಟದೆ ಇಟ್ಟಿದ್ದರು. 48 ಲಕ್ಷ ಡಾಲರ್ ಊರ ಆಸ್ಪತ್ರೆಗೆ, 12 ಲಕ್ಷ ಊರ ಲೈಬ್ರರಿಗೆ. ಪಕ್ಕದ ಮನೆಯವರಿಗೂ ಸುಳಿವಿರಲಿಲ್ಲ!

ಕಡೆಗೊಂದು ನೊಣದ ಕಥೆ. ಆಮ್‌ಸ್ಟರ್‌ಡ್ಯಾಮಿನ ಸ್ಕಿಪೋಲ್ ವಿಮಾನ ನಿಲ್ದಾಣದ ಗಂಡಸರ ಮೂತ್ರಿಯಲ್ಲಿ ಒಳಗೊಂದು ನೊಣ ಕೂತಿರುತ್ತದೆ. ಎಷ್ಟು ನೀರು ಬಿಟ್ಟರೂ ಹಾರುವುದಿಲ್ಲ. ಯಾಕೆಂದರೆ ಅದು ಚಿತ್ರ! ಗಂಡಸರು ನೊಣ ಕಂಡರೆ ಗುರಿ ಇಡದೆ ಬಿಡುವುದಿಲ್ಲ ಅಂತ ಲೆಕ್ಕ ಹಾಕಿದವರ ಉಪಾಯ ಅದು. ಹೊರಗೆ ಚೆಲ್ಲುವುದು ಕಡಿಮೆಯಾಯಿತು, ನೆಲ ಒರೆಸುವ ಕೆಲಸವೂ ಇಳಿಯಿತು. ನಮ್ಮ ಬಸ್ ಸ್ಟ್ಯಾಂಡುಗಳಿಗೆ ಯಾರಾದರೂ ನಾಲ್ಕು ನೊಣ ಬರೆಸಿಕೊಡಿ ಸ್ವಾಮಿ!